ಸೆಲ್ಫ್ ಹೊಡೆಯುತ್ತೆ, ಸ್ಟಾರ್ಟ್ ಆಗಲ್ಲ: ಫ್ಯುಯೆಲ್ ಪಂಪ್ ಬದಲಿಸುವ ಮುನ್ನ ಹೀಗೆ ಪರೀಕ್ಷಿಸಿ

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಹೆಬ್ಬಾಳ ಫ್ಲೈಓವರ್ ಇಳಿಯುವಾಗ ನಮ್ಮ ಕಾರು ಎರಡು ಸಲ ಜರ್ಕ್ ಹೊಡೆದು ನಿಂತಿತು. ಸೆಲ್ಫ್ ಹೊಡೆದರೆ ಎಂಜಿನ್ ಚೆನ್ನಾಗಿಯೇ ತಿರುಗುತ್ತಿತ್ತು, ಆದರೆ ಸ್ಟಾರ್ಟ್ ಆಗುತ್ತಿರಲಿಲ್ಲ. ಗಾಡಿ ಎಳೆಸಿಕೊಂಡು ಹತ್ತಿರದ ಗ್ಯಾರೇಜಿಗೆ ಹೋದೆವು. ಬಾನೆಟ್ ಎತ್ತುವ ಮೊದಲೇ 'ಪಂಪ್ ಹೋಗಿದೆ, ಎಂಟು ಸಾವಿರ ಆಗುತ್ತೆ' ಅಂದರು. ಪಂಪ್ ಹೋಗಿರಲಿಲ್ಲ. ಏನಾಗಿತ್ತು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಪಂಪ್‌ಗೆ ದುಡ್ಡು ಸುರಿಯುವ ಮುನ್ನ ಯಾರು ಬೇಕಾದರೂ ಹತ್ತು ನಿಮಿಷದಲ್ಲಿ ಮಾಡಬಹುದಾದ ಪರೀಕ್ಷೆ ಇದೆ. ಅದಕ್ಕೆ ಮೂಗು, ಕಿವಿ, ಕೈ ಸಾಕು. ಜೊತೆಗೆ, ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಈ ಪಂಪ್ ಯಾಕೆ ಪೆಟ್ರೋಲಿನೊಳಗೆ ಮುಳುಗಿ ಕೂತಿದೆ ಅನ್ನುವುದು ಗೊತ್ತಿರಬೇಕು. ಅಲ್ಲಿಂದಲೇ ಶುರು ಮಾಡೋಣ.

ಟ್ಯಾಂಕಿನೊಳಗೆ ಇಳಿದ ಕತೆ

ಮೊದಲ ಕಾರುಗಳಿಗೆ ಪಂಪೇ ಇರಲಿಲ್ಲ. 1888ರಲ್ಲಿ ಬರ್ತಾ ಬೆಂಝ್ ತನ್ನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡ ಮಾಡಿದ ಗಾಡಿಯಲ್ಲಿ ಜರ್ಮನಿಯ ಮ್ಯಾನ್‌ಹೈಮ್‌ನಿಂದ ಸುಮಾರು 100 ಕಿ.ಮೀ. ದೂರದ ತವರಿಗೆ ಹೋದಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಿತು. ಟೋಪಿಗೆ ಚುಚ್ಚಿದ್ದ ಪಿನ್ ತೆಗೆದು ಕಸ ಬಿಡಿಸಿ ಮುಂದೆ ಹೊರಟಳು. ಇವತ್ತು ಫಿಲ್ಟರ್ ಬದಲಿಸುವಾಗ ನಾವು ಮಾಡುವುದೂ ಅದೇ ಕೆಲಸ.

ಆಮೇಲೆ ಬಂದ ಫೋರ್ಡ್ ಮಾಡೆಲ್ ಟಿಯಲ್ಲಿ ಟ್ಯಾಂಕ್ ಸೀಟಿನ ಕೆಳಗಿತ್ತು. ಪೆಟ್ರೋಲ್ ತಾನಾಗಿಯೇ ಎಂಜಿನ್ನಿಗೆ ಇಳಿದು ಬರಬೇಕು. ಕಡಿದಾದ ಏರು ಸಿಕ್ಕಿ, ಟ್ಯಾಂಕಿನಲ್ಲಿ ಪೆಟ್ರೋಲ್ ಕಮ್ಮಿಯಿದ್ದರೆ, ಎಂಜಿನ್ ಮೇಲಾಗಿ ಹರಿವು ನಿಂತುಹೋಗುತ್ತಿತ್ತು. ಅದಕ್ಕೇ ಜನ ಗಾಡಿ ತಿರುಗಿಸಿ ರಿವರ್ಸ್‌ನಲ್ಲಿ ಬೆಟ್ಟ ಹತ್ತುತ್ತಿದ್ದರು. ನಂದಿ ಬೆಟ್ಟವನ್ನು ಹಾಗೆ ಹತ್ತುವುದನ್ನು ಊಹಿಸಿಕೊಳ್ಳಿ!

ಅಂಬಾಸಡರ್, ಪದ್ಮಿನಿ ಓಡಿಸಿದವರಿಗೆ ಮುಂದಿನ ಹಂತ ಗೊತ್ತು. ಎಂಜಿನ್ನಿನ ಪಕ್ಕದಲ್ಲೇ ಒಂದು ಮೆಕ್ಯಾನಿಕಲ್ ಪಂಪ್. ಕ್ಯಾಮ್‌ಶಾಫ್ಟ್ ತಿರುಗಿದಂತೆ ಅದರ ಲಿವರ್ ಆಡುತ್ತೆ, ಒಳಗಿನ ಡಯಾಫ್ರಾಮ್ (ತೆಳು ಪೊರೆ) ಮೇಲೆ ಕೆಳಗೆ ಆಗಿ ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್‌ಗೆ ಬೇಕಾಗಿದ್ದ ಒತ್ತಡ 0.2, 0.3 ಬಾರ್ ಅಷ್ಟೇ. ಕಾರಿನ ಟೈರಿನಲ್ಲಿ ಇರುವುದರ ಹತ್ತನೇ ಒಂದು ಭಾಗ ಎಂದುಕೊಳ್ಳಿ. ತೊಂದರೆ ಇದ್ದದ್ದು ಬಿಸಿಯದು. ಎಂಜಿನ್ ಶಾಖದಲ್ಲಿ ಕಾದ ಪೆಟ್ರೋಲನ್ನು ಪಂಪ್ ಎಳೆದಾಗ ಪೈಪಿನೊಳಗೆ ಒತ್ತಡ ಇಳಿದು, ಪೆಟ್ರೋಲ್ ಕುದಿದು ಆವಿಯಾಗುತ್ತಿತ್ತು. ಆವಿಯನ್ನು ಆ ಪಂಪ್ ತಳ್ಳಲಾರದು. ಘಾಟಿ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದದ್ದು ಇದಕ್ಕೇ.

1967ರಲ್ಲಿ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಎಂಬ ಎಲೆಕ್ಟ್ರಾನಿಕ್ ಇಂಜೆಕ್ಷನ್ ವ್ಯವಸ್ಥೆ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಬಂತು. ಅಮೆರಿಕದ ಬೆಂಡಿಕ್ಸ್ ಕಂಪನಿ 1950ರ ದಶಕದಲ್ಲಿ ಮಾಡಿದ್ದ ಎಲೆಕ್ಟ್ರಾನಿಕ್ ಇಂಜೆಕ್ಷನ್‌ನ ಪೇಟೆಂಟ್‌ಗಳೇ ಅದಕ್ಕೆ ಬುನಾದಿ. ಇಂಜೆಕ್ಟರ್, ಅಂದರೆ ಎಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಮೂತಿ, ಎಷ್ಟು ಹೊತ್ತು ತೆರೆದಿರಬೇಕು ಅನ್ನುವುದನ್ನು ಕಂಪ್ಯೂಟರ್ ಹೇಳುತ್ತೆ. ಆದರೆ ಒತ್ತಡ ಸ್ಥಿರವಾಗಿದ್ದರೆ ಮಾತ್ರ ಆ ಲೆಕ್ಕ ಸರಿಹೋಗುತ್ತೆ. ಹಾಗಾಗಿ ಕರೆಂಟಿನ ಪಂಪ್ ಅನಿವಾರ್ಯವಾಯಿತು. ಮುಂದೆ ಆ ಪಂಪ್ ಟ್ಯಾಂಕಿನೊಳಗೇ ಇಳಿಯಿತು. ನನ್ನ ಪ್ರಕಾರ ಈ ಇಡೀ ಕತೆಯಲ್ಲಿ ಅತಿ ಜಾಣತನದ ಹೆಜ್ಜೆ ಇದೇ. ದೂರದಿಂದ ಎಳೆಯುವ ಬದಲು ಬುಡದಿಂದಲೇ ತಳ್ಳಿದರೆ ಆವಿಯ ಕಾಟ ತಪ್ಪುತ್ತೆ. ಪೆಟ್ರೋಲ್ ಮೋಟಾರಿನ ಮಧ್ಯದಿಂದಲೇ ಹರಿದು ಅದನ್ನು ತಂಪಾಗಿಡುತ್ತೆ.

ಪೆಟ್ರೋಲಿನೊಳಗೆ ಮೋಟಾರ್ ತಿರುಗಿದರೆ ಬೆಂಕಿ ಹತ್ತಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು 1.4ರಿಂದ 7.6 ಶೇಕಡಾ ಇದ್ದರೆ ಮಾತ್ರ ಬೆಂಕಿ ಹತ್ತುತ್ತೆ. ಮುಳುಗಿದ ಪಂಪಿನ ಒಳಗೆ ಗಾಳಿಯೇ ಇಲ್ಲ. ಟ್ಯಾಂಕಿನ ಮೇಲ್ಭಾಗದಲ್ಲಿ ಸಾಮಾನ್ಯವಾಗಿ ಆವಿ ಇದಕ್ಕಿಂತ ಎಷ್ಟೋ ಜಾಸ್ತಿ ಇರುತ್ತೆ, ಹಾಗಾಗಿ ಅಲ್ಲೂ ಬೆಂಕಿ ಹತ್ತುವುದಿಲ್ಲ.

ಮೊದಲು ಮೂಗು

ಕೀಲಿ ಮುಟ್ಟುವ ಮುನ್ನ ಗಾಡಿಯ ಸುತ್ತ ಒಂದು ಸುತ್ತು ಹಾಕಿ. ಪೆಟ್ರೋಲ್ ವಾಸನೆ ಗಾಢವಾಗಿದ್ದರೆ, ಕೆಳಗೆ ತೊಟ್ಟಿಕ್ಕಿದ್ದರೆ, ಪರೀಕ್ಷೆ ಅಲ್ಲಿಗೇ ನಿಲ್ಲಿಸಿ. ಇಗ್ನಿಷನ್ ಆನ್ ಮಾಡಬೇಡಿ. ಜನರನ್ನು ದೂರ ಕಳಿಸಿ ಮೆಕ್ಯಾನಿಕ್‌ನನ್ನು ಅಲ್ಲಿಗೇ ಕರೆಸಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಆವಿ ಹೊರಗೆ ಹೋಗಲು ದಾರಿ ಇರುವುದಿಲ್ಲ, ಅಲ್ಲಂತೂ ಇನ್ನೂ ಹುಷಾರು.

ವಾಸನೆ ಇಲ್ಲದಿದ್ದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯಾ ನೋಡಿ. ಮೀಟರ್ ಮುಳ್ಳನ್ನು ಪೂರ್ತಿ ನಂಬಬೇಡಿ. ಅನುಮಾನವಿದ್ದರೆ ಎರಡು ಲೀಟರ್ ಹಾಕಿ.

ಆಮೇಲೆ ಕಿವಿ

ಇದೇ ಮುಖ್ಯವಾದ ಹಂತ. ನಿಧಾನವಾಗಿ ಮಾಡಿ.

ಎಸಿ, ರೇಡಿಯೊ ಆಫ್ ಮಾಡಿ. ಒಬ್ಬರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ. ಹೆಚ್ಚಿನ ಕಾರುಗಳಲ್ಲಿ ಟ್ಯಾಂಕ್ ಆ ಸೀಟಿನ ಕೆಳಗೇ ಇರುತ್ತೆ. ಈಗ ಕೀಲಿಯನ್ನು ಆನ್‌ಗೆ ಮಾತ್ರ ತಿರುಗಿಸಿ, ಸೆಲ್ಫ್ ಹೊಡೆಯಬೇಡಿ. ಬಟನ್ ಕಾರಾದರೆ ಬ್ರೇಕ್, ಕ್ಲಚ್ ಯಾವುದನ್ನೂ ಒತ್ತದೆ, ಮೀಟರಿನ ದೀಪಗಳು ಹೊತ್ತುವವರೆಗೆ ಬಟನ್ ಒತ್ತಿ (ಹಲವು ಕಾರುಗಳಲ್ಲಿ ಎರಡು ಸಲ). 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಬಹುತೇಕ ಎಲ್ಲ ಬೈಕ್, ಸ್ಕೂಟರ್‌ಗಳಲ್ಲೂ ಇಂಥದ್ದೇ ಪಂಪ್ ಇದೆ. ಅವಕ್ಕೂ ಇದೇ ಪರೀಕ್ಷೆ, ಕಿವಿಯನ್ನು ಟ್ಯಾಂಕಿನ ಹತ್ತಿರ ಇಡಿ.

ಸುಮಾರು ಎರಡು ಸೆಕೆಂಡ್ 'ಜುಂಯ್' ಅನ್ನುವ ಸಣ್ಣ ಸದ್ದು ಬಂದು ನಿಲ್ಲಬೇಕು. ನಿಂತರೆ ಹೆದರಬೇಡಿ, ಅದು ಕಂಪ್ಯೂಟರಿನ ಮುಂಜಾಗ್ರತೆ. ಎಂಜಿನ್ ತಿರುಗದಿದ್ದರೆ ಅದು ಪಂಪ್ ಆಫ್ ಮಾಡುತ್ತೆ. ಅಪಘಾತವಾಗಿ ಎಂಜಿನ್ ನಿಂತಾಗ ಪಂಪ್ ಪೆಟ್ರೋಲ್ ಚೆಲ್ಲುತ್ತಲೇ ಇರಬಾರದು ಅನ್ನುವುದು ಅದರ ಉದ್ದೇಶ.

ಸದ್ದು ಎಂದಿನಂತೆಯೇ ಇದ್ದರೆ ಮೋಟಾರ್ ತಿರುಗುತ್ತಿದೆ ಎಂದರ್ಥ. ತೊಂದರೆ ಫಿಲ್ಟರ್, ಒತ್ತಡ ಅಥವಾ ಸ್ಪಾರ್ಕ್ ಕಡೆ ಇರಬಹುದು. ಸದ್ದು ಕಿರುಚಿದಂತೆ ಇದ್ದರೆ ಪಂಪಿಗೆ ಸಾಕಷ್ಟು ಪೆಟ್ರೋಲ್ ಸಿಗುತ್ತಿಲ್ಲ ಅಥವಾ ಅದು ಸವೆದಿದೆ. ಸದಾ ರಿಸರ್ವ್‌ನಲ್ಲೇ ಓಡಿಸುವವರಿಗೆ ಈ ಸದ್ದು ಬೇಗ ಪರಿಚಯವಾಗುತ್ತೆ, ಯಾಕೆಂದರೆ ತಂಪು ಮಾಡುವ ಪೆಟ್ರೋಲೇ ಕಮ್ಮಿ. ಕಾಲು ಟ್ಯಾಂಕ್ ಯಾವಾಗಲೂ ಇರಲಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಬೆಳಿಗ್ಗೆ ಮಾತ್ರ ತುಂಬಾ ಹೊತ್ತು ಸೆಲ್ಫ್ ಹೊಡೆಯಬೇಕಾ? ಕೀಲಿಯನ್ನು ಮೂರು ಸಲ ಆನ್, ಆಫ್ ಮಾಡಿ. ಪ್ರತಿ ಸಲ ಸದ್ದು ಮುಗಿಯುವವರೆಗೆ ಕಾಯಿರಿ. ಆಮೇಲೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆದರೆ, ರಾತ್ರಿಯೆಲ್ಲ ಪೈಪಿನ ಒತ್ತಡ ಇಳಿದುಹೋಗುತ್ತಿದೆ ಎಂದರ್ಥ. ಪಂಪಿನ ಬಾಯಲ್ಲಿರುವ ಪುಟ್ಟ ವಾಲ್ವ್ ಮೇಲೆ ಮೊದಲ ಅನುಮಾನ.

ಸದ್ದೇ ಇಲ್ಲದಿದ್ದರೆ ಕೈ

ಫ್ಯೂಸ್ ಬಾಕ್ಸ್ ತೆಗೆಯಿರಿ. ಮುಚ್ಚಳದ ಚಿತ್ರದಲ್ಲಿ ಫ್ಯುಯೆಲ್ ಪಂಪಿನ ಫ್ಯೂಸ್ ಎಲ್ಲಿದೆ ಹುಡುಕಿ. ಅದು ಸುಟ್ಟಿಲ್ಲದಿದ್ದರೆ ಪಕ್ಕದ ರಿಲೇ, ಅಂದರೆ ಪಂಪಿಗೆ ಕರೆಂಟ್ ಬಿಡುವ ಪುಟ್ಟ ಡಬ್ಬಿಯಂಥ ಸ್ವಿಚ್, ನೋಡಿ. ಹಾರ್ನ್‌ನದ್ದೋ ಬೇರೆ ಯಾವುದರದ್ದೋ ರಿಲೇ ಮೇಲೆ ಅದೇ ನಂಬರ್ ಇದ್ದರೆ, ಇಗ್ನಿಷನ್ ಆಫ್ ಮಾಡಿ ಎರಡನ್ನೂ ಅದಲುಬದಲು ಮಾಡಿ ಮತ್ತೆ ಕೇಳಿ.

ನಮ್ಮ ಕಾರಿನಲ್ಲಿ ಹೋಗಿದ್ದು ಇದೇ. ಹಾರ್ನ್ ರಿಲೇ ತೆಗೆದು ಅಲ್ಲಿಗೆ ಹಾಕಿದ ತಕ್ಷಣ ಹಿಂದಿನ ಸೀಟಿನಿಂದ 'ಜುಂಯ್' ಬಂತು. ಇನ್ನೂರು ರೂಪಾಯಿಯಲ್ಲಿ ಮುಗಿಯಿತು. ಆ ಗ್ಯಾರೇಜಿನವರು ಒಂದು ಸಲ ಕಿವಿಗೊಟ್ಟು ಕೇಳಿದ್ದರೆ ಸಾಕಿತ್ತು ಅಂತ ಇವತ್ತಿಗೂ ಬೇಸರವಿದೆ.

ರಿಲೇ ಸರಿಯಿದ್ದೂ ಸದ್ದಿಲ್ಲವೇ? ಒಬ್ಬರು ಕೀಲಿ ಆನ್ ಮಾಡುವಾಗ ಇನ್ನೊಬ್ಬರು ಟ್ಯಾಂಕಿನ ತಳಕ್ಕೆ ಮುಷ್ಟಿಯಿಂದ ಮೆಲ್ಲಗೆ ಗುದ್ದಿ. ಪಂಪ್ ಎದ್ದರೆ ಅದರ ಬ್ರಷ್ (ಮೋಟಾರಿನೊಳಗೆ ಕರೆಂಟ್ ಮುಟ್ಟಿಸುವ ತುಂಡು) ಸವೆದಿರಬಹುದು. ಹಾಗೇ ಮನೆ ತಲುಪಬಹುದು, ಆದರೆ ಬದಲಿಸುವುದನ್ನು ಮುಂದೂಡಬೇಡಿ.

ಗೇಜ್ ಮೆಕ್ಯಾನಿಕ್ ಕೈಯಲ್ಲಿರಲಿ

ಸದ್ದು ಬಂದರೂ ಪಿಕಪ್ ಇಲ್ಲದಿದ್ದರೆ ಒತ್ತಡ ಅಳೆಯಲೇಬೇಕು. ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಅದು 3ರಿಂದ 4 ಬಾರ್ ಇರುತ್ತೆ. ಪೈಪ್ ಬಿಚ್ಚಿದರೆ ಪೆಟ್ರೋಲ್ ಚಿಮ್ಮುತ್ತೆ, ಹಾಗಾಗಿ ಇದನ್ನು ಮನೆಯಲ್ಲಿ ಮಾಡಬೇಡಿ. ಆದರೆ ಪಕ್ಕದಲ್ಲಿ ನಿಂತು 'ಎಷ್ಟು ಬಾರ್ ಬರ್ತಿದೆ ಅಣ್ಣ?' ಅಂತ ಕೇಳಿ. ಗೇಜ್ ಹಾಕದೆ ಪಂಪ್ ಬದಲಿಸಲು ಒಪ್ಪಬೇಡಿ.

ಡೀಸೆಲ್ ಕಾರಿನ ಕತೆ ಬೇರೆ. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯ ಇಂಜೆಕ್ಷನ್ ಪಂಪ್‌ಗಳ ಮೇಲೆ ಎಷ್ಟೋ ಲಾರಿ, ಟ್ರ್ಯಾಕ್ಟರ್ ಓಡಿವೆ. 1951ರಲ್ಲಿ ಶುರುವಾದ ಆ ಕಂಪನಿಯೇ 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು. ಹಳೆಯ ಗಾಡಿಗಳಲ್ಲಿ ಡ್ರೈವರ್‌ಗಳು ತಾವೇ ನಟ್ ಸಡಿಲಿಸಿ ಏರ್ ತೆಗೆಯುತ್ತಿದ್ದರು. ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಭಾರೀ ಒತ್ತಡದ ಕೊಳವೆಯಿಂದ ಡೀಸೆಲ್ ಹೋಗುವ ಈಗಿನ ಕಾಮನ್ ರೈಲ್ ಗಾಡಿಯಲ್ಲಿ ಆ ಅಭ್ಯಾಸ ಬೇಡವೇ ಬೇಡ. ಅದರೊಳಗಿನ ಒತ್ತಡ 1600 ಬಾರ್ ದಾಟಬಹುದು. ಅಷ್ಟು ಜೋರಿನ ಡೀಸೆಲ್ ಎಳೆ ಚರ್ಮವನ್ನೇ ತೂರಿ ಒಳಗೆ ಹೋಗುತ್ತೆ.

ಪಂಪ್ ನಿಜಕ್ಕೂ ಹೋಗಿದ್ದರೆ

ಬೆಂಗಳೂರಿನ ಬಿಡಿಭಾಗಗಳ ಮಾರುಕಟ್ಟೆಯಾದ ಜೆ.ಸಿ. ರಸ್ತೆಗೆ ಹೋಗುವಾಗ ಹಳೆಯ ಪಂಪನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಪಾರ್ಟ್ ನಂಬರ್ ಹೊಂದಿಸಿ ನೋಡಿ, ಬಿಲ್ ಕೇಳಿ. ಕೆಲವು ಗಾಡಿಗಳಿಗೆ ಒಳಗಿನ ಮೋಟಾರ್ ಮಾತ್ರ ಸಿಗುತ್ತೆ, ಇಡೀ ಜೋಡಣೆ ಕೊಳ್ಳಬೇಕಾಗಿಲ್ಲ. ತಳದ ಜರಡಿಯನ್ನೂ ಮುಚ್ಚಳದ ರಬ್ಬರ್ ರಿಂಗನ್ನೂ ಮಾತ್ರ ಹೊಸದೇ ತನ್ನಿ. ಟ್ಯಾಂಕಿನ ತಳದಲ್ಲಿ ನೀರು ಇದೆಯಾ ಅಂತ ಮೆಕ್ಯಾನಿಕ್‌ಗೆ ನೋಡಲು ಹೇಳಿ. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ನೀರನ್ನು ಹೀರಿಕೊಳ್ಳುತ್ತೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಆ ನೀರು ತಳಕ್ಕೆ ಇಳಿದಿದ್ದರೆ ಹೊಸ ಪಂಪ್ ಮೊದಲು ಎಳೆಯುವುದು ಅದನ್ನೇ.

ಜೋಡಿಸಿದ ಮೇಲೆ ಸೀಟು ಕೂರಿಸಲು ಅವಸರ ಮಾಡಬೇಡಿ. ಕೀಲಿಯನ್ನು ಮೂರು ಸಲ ಆನ್ ಮಾಡಿಸಿ, ಮುಚ್ಚಳದ ಸುತ್ತ, ಪೈಪಿನ ಬಾಯಿಯ ಹತ್ತಿರ ಒದ್ದೆಯಿದೆಯಾ ನೋಡಿ. ಎಲ್ಲ ಒಣಗಿದ್ದರೆ ಸೆಲ್ಫ್ ಹೊಡೆಯಿರಿ, ಐದು ನಿಮಿಷ ಎಂಜಿನ್ ಓಡಲಿ, ಮತ್ತೊಮ್ಮೆ ನೋಡಿ. ಆಮೇಲೆ ಸೀಟು.