ಎರಡಡಿ ಟ್ಯಾಂಕು, ಒಂದಿಂಚು ಕೆಂಪು ಮಣ್ಣು: ನನ್ನ ಅನುಭವ

ಮೀನಿನ ಟ್ಯಾಂಕಿನಲ್ಲಿ ಗಿಡ ಬೆಳೆಸಲು ತಳಕ್ಕೆ ಮಣ್ಣು ಹಾಕಿದರೆ ತಿಂಗಳೊಳಗೆ ಕೊಳೆತು ನಾರುತ್ತದೆ ಅಂದವರೇ ಎಲ್ಲ. ಹದಿನಾಲ್ಕು ತಿಂಗಳಾಯಿತು. ಗಿಡಕ್ಕೆ ಇಂಗಾಲದ ಡೈಆಕ್ಸೈಡ್ ಕೊಡುವ ಸಿಲಿಂಡರ್ ಇಲ್ಲ, ಹೊರಗಿಡುವ ಕ್ಯಾನಿಸ್ಟರ್ ಫಿಲ್ಟರ್ ಇಲ್ಲ, ವಾರವಾರ ನೀರು ಬದಲಿಸುವ ರಗಳೆಯೂ ಇಲ್ಲ. ನಾರಿದ್ದು ಸುಳ್ಳಲ್ಲ, ಆದರೆ ಅದು ಮೊದಲ ಎರಡು ಸಲ.

ಮೊದಲ ಸಲ ಮಣ್ಣಿಗೆ ಮೂರನೇ ಒಂದು ಪಾಲು ಎರೆಗೊಬ್ಬರ ಬೆರೆಸಿದ್ದೆ. ನಾಲ್ಕೇ ದಿನಕ್ಕೆ ನೀರಿನ ಅಮೋನಿಯಾ ಅಳೆಯುವ ಕಿಟ್ಟಿನ ಬಣ್ಣ ಪಟ್ಟಿಯ ಕೊನೆಗೆ ಹೋಯಿತು, ಎರಡನೇ ವಾರ ನೀರು ಪೂರ್ತಿ ಹಸಿರು. ಎರಡನೇ ಸಲ ಗೊಬ್ಬರ ಬಿಟ್ಟೆ, ಆದರೆ ಮಣ್ಣು ಎರಡೂವರೆ ಇಂಚು ಹಾಕಿ ಮೇಲೆ ಎಂ-ಸ್ಯಾಂಡ್ ಹಾಸಿದೆ. ಅದರ ಕಲ್ಲುಪುಡಿ ಬಿಗಿದುಕೊಂಡು ತಳಕ್ಕೆ ಉಸಿರೇ ಇಲ್ಲ. ಕಡ್ಡಿ ಚುಚ್ಚಿದರೆ ಕೊಳೆತ ಮೊಟ್ಟೆಯ ವಾಸನೆ, ಬೇರೆಲ್ಲ ಕಪ್ಪು. ಈ ಎರಡರಲ್ಲೇ ಎರಡೂವರೆ ಸಾವಿರ ಹೋಯಿತು.

ಮೂರನೆಯದಕ್ಕೆ ಜರಡಿ ಹಿಡಿದ ಕೆಂಪು ಮಣ್ಣು ಐದಾರು ಕೆಜಿ. ಬಕೆಟ್ಟಿನಲ್ಲಿ ನೆನೆಸಿ, ತೇಲಿದ್ದನ್ನು ಚೆಲ್ಲಿ, ಬಿಸಿಲಿಗೆ ಒಣಗಿಸುವುದು. ಹೀಗೆ ನಾಲ್ಕು ಸಲ. ಎರೆಗೊಬ್ಬರ ಒಂದೇ ಹಿಡಿ. ಇನ್ನೊಂದು ಪುಡಿಯನ್ನೂ ಸೇರಿಸುತ್ತೇನೆ, ಅದು ನನ್ನಲ್ಲೇ ಇರಲಿ. ಒಂದಿಂಚಿಗಿಂತ ದಪ್ಪ ಬೇಡ, ಮುಂದಿನ ಗಾಜಿನಿಂದ ಎರಡಿಂಚು ಬಿಟ್ಟು ಹಾಸಿ. ಇಲ್ಲದಿದ್ದರೆ ಬೆಳಕು ಬೀಳುವ ಅಂಚಿಗೆ ಪಾಚಿ ಕಟ್ಟುತ್ತದೆ. ಮೇಲೆ ಒಂದಿಂಚು ದಪ್ಪಕಾಳಿನ ಹೊಳೆಮರಳು. ನಿಂಬೆರಸ ಹಿಂಡಿದಾಗ ನೊರೆ ಬಂದರೆ ಅದರಲ್ಲಿ ಸುಣ್ಣವಿದೆ, ಆ ಮರಳು ಬೇಡ. ನೀರು ತುಂಬುವಾಗ ತಟ್ಟೆ ಇಟ್ಟು ಸಣ್ಣ ಧಾರೆ. ಒಂದು ಗಂಟೆ ಹಿಡಿಯುತ್ತದೆ. ಅವಸರ ಮಾಡಿದರೆ ಟ್ಯಾಂಕಿನಲ್ಲಿ ಕೆಮ್ಮಣ್ಣಿನ ರಾಡಿ.

ಗಿಡ ಮೊದಲ ದಿನವೇ ಮುಕ್ಕಾಲು ಟ್ಯಾಂಕು ತುಂಬಬೇಕು: ವ್ಯಾಲಿಸ್ನೇರಿಯಾ, ಹೈಗ್ರೋಫಿಲಾ, ಗಪ್ಪಿ ಗ್ರಾಸ್, ಕ್ರಿಪ್ಟೊ. ಕ್ರಿಪ್ಟೊ ಎಲೆ ಕರಗಿದರೆ ಕಿತ್ತು ಬಿಸಾಕಬೇಡಿ, ಬೇರಿನಿಂದ ಮತ್ತೆ ಚಿಗುರುತ್ತದೆ. ನೀರಿನ ಮೇಲೆ ತೇಲುವ ಸಾಲ್ವಿನಿಯಾ ಗಿಡ ಒಂದಿಷ್ಟು, ವಾರಕ್ಕೊಮ್ಮೆ ಅರ್ಧ ತೆಗೆಯಿರಿ.

ಲೈಟು 18 ವಾಟ್, 6500 ಕೆಲ್ವಿನ್ (ಹಗಲಿನಂಥ ಬಿಳಿ ಬೆಳಕು). ಸತತ ಒಂಬತ್ತು ಗಂಟೆ ಉರಿಸಿದಾಗ ನೂಲುಪಾಚಿ ಕೂದಲಿನಂತೆ ಬಂತು. ಈಗ ಟೈಮರ್‌ನಲ್ಲಿ ನಾಲ್ಕು ಗಂಟೆ ಲೈಟು, ನಾಲ್ಕು ಗಂಟೆ ಬಿಡುವು, ಮತ್ತೆ ನಾಲ್ಕು. ಬಿಡುವಿನಲ್ಲಿ ಮಣ್ಣು, ಮೀನು ಬಿಡುವ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ನಡುವೆ ಅದೇ ಅನಿಲಕ್ಕಾಗಿ ಸಕ್ಕರೆ-ಯೀಸ್ಟ್ ಬಾಟಲಿಯನ್ನೂ ಹಚ್ಚಿ ನೋಡಿದೆ. ಹತ್ತು ದಿನ ಗುಳ್ಳೆ, ಆಮೇಲೆ ಬರೀ ಹುಳಿವಾಸನೆ. ಮನಿಪ್ಲಾಂಟ್ ಬೇರನ್ನು ನೀರಿಗೆ ಇಳಿಬಿಟ್ಟಿದ್ದು ಮಾತ್ರ ಫಲ ಕೊಟ್ಟಿತು: ಎಲೆ ಅಂಗೈಯಗಲ, ಮೀನಿನ ಕಸದಿಂದ ನೀರಿನಲ್ಲಿ ಕೂಡುವ ನೈಟ್ರೇಟ್ ಅರ್ಧಕ್ಕಿಳಿಯಿತು.

ಮೊದಲ ತಿಂಗಳು ವಾರಕ್ಕೆರಡು ಸಲ ಕಾಲುಭಾಗ ನೀರು ಬದಲಿಸಿದೆ, ನಲ್ಲಿನೀರಿಗೆ ಕ್ಲೋರಿನ್ ತೆಗೆಯುವ ಹೈಪೊ (ಸೋಡಿಯಂ ಥಯೋಸಲ್ಫೇಟ್) ಹಾಕಿ. ಮೀನಿಗೆ ವಿಷವಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದ ಮೇಲೆ, ಐದನೇ ವಾರ, ಎಂಟು ಗಪ್ಪಿ ಮೀನು ಬಿಟ್ಟೆ. ಈಗ ಎಣಿಸಲು ಹೋಗುವುದಿಲ್ಲ.

ಲೆಕ್ಕ ನೆನಪಿನಿಂದ: ಟ್ಯಾಂಕು 1400, ಲೈಟು 900, ಗಿಡ 700, ಸ್ಪಂಜ್ ಫಿಲ್ಟರ್ ಮತ್ತು ಏರ್‌ಪಂಪ್ 450, ಟೈಮರ್ 350, ಮರಳು ಐವತ್ತೋ ಅರವತ್ತೋ. ಎಲ್ಲ ಸೇರಿ ನಾಲ್ಕು ಸಾವಿರದೊಳಗೆ.

ಆರಿ ಕಡಿಮೆಯಾದ ನೀರಿನ ಬದಲಿಗೆ ಬೋರ್‌ವೆಲ್ ನೀರನ್ನೇ ಸುರಿಯುತ್ತಾ ಹೋಗಬೇಡಿ. ಆರುವುದು ನೀರು ಮಾತ್ರ, ಉಪ್ಪಿನಂಶ ಟ್ಯಾಂಕಿನಲ್ಲೇ ಉಳಿದು ಗಡಸುತನ ಏರುತ್ತದೆ. ನಾನು ಹಾಕುವುದು ಆರ್‌ಒ ನೀರು, ಮಳೆಗಾಲದಲ್ಲಿ ಸೂರಿನ ನೀರು. ಮೊದಲ ಮಳೆಯದ್ದಂತೂ ಬೇಡ.