ಸ್ಟಾರ್ಟ್ ಆಗಿ ಆಫ್ ಆಗುವ ಹಳೇ ಬೋಟ್ ಇಂಜಿನ್: ಮೊದಲು ಗಡಿಯಾರ ನೋಡಿ

ಚಿತ್ರದುರ್ಗ ಜಿಲ್ಲೆಯಲ್ಲಿ ಬೋಟಾ ಎಂದು ನಗಬೇಡಿ. ಹಿರಿಯೂರು ಪಕ್ಕದ ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ, 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ಆ ನೀರು ನೋಡಿದ ಖುಷಿಗೆ ನಾನೂ ನನ್ನ ಗೆಳೆಯನೂ ಶೆಡ್ಡಿನ ಮೂಲೆಯಲ್ಲಿ ಗೋಣಿಚೀಲ ಹೊದ್ದು ಮಲಗಿದ್ದ ಟೂ ಸ್ಟ್ರೋಕ್ ಔಟ್‌ಬೋರ್ಡ್ ಇಂಜಿನ್, ಅಂದರೆ ಬೋಟಿನ ಹಿಂಬದಿಗೆ ಸಿಕ್ಕಿಸುವ ಇಂಜಿನ್, ಹೊರಗೆ ತೆಗೆದೆವು. ಹಗ್ಗ ಎಳೆದರೆ ಹತ್ತಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಗೊರಗೊರ ಎಂದು ನಿಲ್ಲುತ್ತದೆ. ಬರದ ಊರಿನ ಬೋಟ್ ಇಂಜಿನ್ನಿಗೆ ಇದೇ ದೊಡ್ಡ ಕಾಯಿಲೆ. ಓಡಿ ಸವೆಯುವುದಕ್ಕಿಂತ ಸುಮ್ನೆ ಕೂತು ಕೆಡುವುದೇ ಜಾಸ್ತಿ.

ಒಮ್ಮೆ ಹತ್ತಿಕೊಂಡಿತು ಎಂದರೆ ಕಿಡಿ ಇದೆ, ಕಂಪ್ರೆಷನ್ನೂ ಸುಮಾರಾಗಿ ಇದೆ. ಹಾಗಾಗಿ ಪ್ಲಗ್ ಬಿಚ್ಚುವ ಮೊದಲು ಪೆಟ್ರೋಲ್ ಬರುವ ದಾರಿ ಹಿಡಿದು ಹುಡುಕಿ. ಎಷ್ಟು ಹೊತ್ತು ಓಡಿ ನಿಂತಿತು ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ.

ಡ್ರಮ್ಮಿನಲ್ಲಿ ನಿಲ್ಲಿಸಿ

ಪರೀಕ್ಷೆಯನ್ನು ನೀರಿನ ನಡುವೆ ಮಾಡಬೇಡಿ. ದೊಡ್ಡ ಡ್ರಮ್ಮಿಗೆ ನೀರು ತುಂಬಿ, ಬೋಟನ್ನು ತಳ್ಳುವ ಫ್ಯಾನ್ (ಪ್ರೊಪೆಲ್ಲರ್) ಬಿಚ್ಚಿ, ಇಂಜಿನ್ನಿನ ನೀರು ಎಳೆಯುವ ತೂತು ಚೆನ್ನಾಗಿ ಮುಳುಗುವಂತೆ ಇಳಿಬಿಡಿ. ಒಣಗಿದ್ದಾಗ ಓಡಿಸಿದರೆ ನೀರಿನ ಪಂಪಿನ ರಬ್ಬರ್ ರೆಕ್ಕೆ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ. ಬಯಲಲ್ಲೇ ಮಾಡಿ, ಬೀಡಿ ಸಿಗರೇಟು ದೂರ ಇರಲಿ. ಇಂಜಿನ್ ತಕ್ಷಣ ನಿಲ್ಲಿಸಲು ಇರುವ ಕೆಂಪು ದಾರದ ಕಿಲ್ ಸ್ವಿಚ್ ಕ್ಲಿಪ್ ಗಟ್ಟಿಯಾಗಿ ಕೂತಿದೆಯಾ ಅಂತಲೂ ಒಮ್ಮೆ ನೋಡಿ. ಅದು ಅಲ್ಲಾಡಿದರೂ ಇಂಜಿನ್ ಆಫ್ ಆಗುತ್ತದೆ.

ಎರಡು ಮೂರು ನಿಮಿಷ ಓಡಿ ನಿಂತರೆ

ಟ್ಯಾಂಕಿನ ಮುಚ್ಚಳ ನೋಡಿ. ಅದರ ಮೇಲೆ ಗಾಳಿ ಬಿಡುವ ಸಣ್ಣ ತಿರುಪು ಇರುತ್ತದೆ. ಅದು ಮುಚ್ಚಿದ್ದರೆ ಪೆಟ್ರೋಲ್ ಕಡಿಮೆಯಾದ ಜಾಗಕ್ಕೆ ಗಾಳಿ ಬರುವುದಿಲ್ಲ. ಟ್ಯಾಂಕೇ ಪೆಟ್ರೋಲನ್ನು ಹಿಡಿದುಕೊಳ್ಳುತ್ತದೆ, ಇಂಜಿನ್ ಉಪವಾಸ ಬೀಳುತ್ತದೆ. ನಾವು ಇದನ್ನು ಕಲಿತದ್ದು ದಡದಿಂದ ಸಾಕಷ್ಟು ದೂರದಲ್ಲಿ. ಪ್ಲಗ್ ಬಿಚ್ಚಿ ಒರೆಸಿ ಹಾಕಿದೆವು, ಇಂಜಿನ್ನಿಗೆ ಬೈದೆವು, ಕೊನೆಗೆ ಹುಟ್ಟು ಹಾಕಿಕೊಂಡು ಬಂದೆವು. ದಡದಲ್ಲಿದ್ದ ಮೆಕ್ಯಾನಿಕ್ ಹುಡುಗ ಏನೂ ಕೇಳದೆ ಮುಚ್ಚಳದ ಮೇಲೆ ಕೈಯಿಟ್ಟ. 'ಇದ್ನ ಬಿಚ್ಚೇ ಇಲ್ವಲ್ಲಣ್ಣ' ಅಂದ.

ಮುಚ್ಚಳ ಸರಿ ಇದ್ದರೆ ಪೈಪಿನ ನಡುವೆ ಇರುವ ರಬ್ಬರ್ ಬಲ್ಬ್ ಹಿಡಿದುಕೊಳ್ಳಿ. ಡಾಕ್ಟರು ನಾಡಿ ಹಿಡಿದ ಹಾಗೆ. ಬಲ್ಬಿನ ಮೇಲಿನ ಬಾಣ ಇಂಜಿನ್ ಕಡೆಗೆ ಇರಬೇಕು. ಹಿಚುಕುತ್ತಾ ಹೋದರೆ ಅದು ಗಟ್ಟಿಯಾಗಬೇಕು. ಎಷ್ಟು ಹಿಚುಕಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಬಲ್ಬಿನ ಒಳಗಿನ ವಾಲ್ವ್ ಹೋಗಿದೆ. ಟ್ಯಾಂಕಿಗೂ ಇಂಜಿನ್ನಿಗೂ ಸಿಕ್ಕಿಸುವ ಕನೆಕ್ಟರಿನ ರಬ್ಬರ್ ರಿಂಗ್ ಒಣಗಿ ಬಿರುಕು ಬಿಟ್ಟಿರುವುದು ಹಳೇದರಲ್ಲಿ ಮಾಮೂಲು. ಓಡುವಾಗ ಬಲ್ಬ್ ಒಳಕ್ಕೆ ಎಳೆದುಕೊಂಡು ಚಪ್ಪಟೆಯಾದರೆ ಟ್ಯಾಂಕಿನ ಕಡೆ ಕಟ್ಟಿಕೊಂಡಿದೆ.

ಇಂಜಿನ್ ಇನ್ನೇನು ನಿಲ್ಲಬೇಕು ಅನ್ನುವಾಗ ಬಲ್ಬ್ ಹಿಚುಕಿ ನೋಡಿ. ಅದಕ್ಕೆ ಜೀವ ಬಂದು ಹಿಚುಕುವಷ್ಟು ಹೊತ್ತೂ ಓಡಿದರೆ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿಗೆ ಪೆಟ್ರೋಲ್ ಸಾಲುತ್ತಿಲ್ಲ. ಟ್ಯಾಂಕ್, ಪೈಪ್, ಫಿಲ್ಟರ್ ಎಲ್ಲ ಸರಿ ಇದ್ದರೆ ಇಂಜಿನ್ನಿನ ಪೆಟ್ರೋಲ್ ಪಂಪಿನ ಡಯಾಫ್ರಮ್, ಅಂದರೆ ಒಳಗಿನ ತೆಳು ಪೊರೆ, ಬದಲಿಸಿ.

ಹತ್ತು ಸೆಕೆಂಡಿಗೇ ಸತ್ತರೆ

ಚೋಕ್ ಎಳೆದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಅಥವಾ ಆಕ್ಸಿಲರೇಟರ್ ಕೊಟ್ಟಾಗ ಓಡಿ, ಇಳಿಸಿದರೆ ಆಫ್. ಈ ಎರಡೂ ಬೆರಳು ತೋರಿಸುವುದು ಕಾರ್ಬೊರೇಟರಿನ ಸ್ಲೋ ಜೆಟ್ ಕಡೆಗೆ. ಇಂಜಿನ್ ನಿಧಾನ ಓಡುವಾಗ ಪೆಟ್ರೋಲ್ ಬಿಡುವ, ಕೂದಲಿನಷ್ಟು ಸಣ್ಣ ತೂತು ಅದು. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಅಲ್ಲಿ ಅಂಟಾಗಿ ಕಟ್ಟಿಕೊಳ್ಳುತ್ತದೆ.

ಬಿಚ್ಚುವ ಮುಂಚೆ ಒಂದು ಕೆಲಸ ಮಾಡಿ. ಕಾರ್ಬೊರೇಟರಿನ ಕೆಳಗಿನ ತಿರುಪು ಸಡಿಲಿಸಿ, ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿಯಿರಿ. ತಳದಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ 20% ತನಕ ಎಥನಾಲ್ ಇರುವ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದರೆ ಎರಡೂ ಸೇರಿ ತಳಕ್ಕೆ ಇಳಿಯುತ್ತವೆ. ಹಳೇ ಕಾಲದ ರಬ್ಬರ್ ಪೈಪುಗಳಿಗೂ ಇದು ಆಗಿಬರುವುದಿಲ್ಲ. ಹಳೇ ಪೆಟ್ರೋಲ್ ಪೂರ್ತಿ ತೆಗೆದು ಹೊಸದಾಗಿ ಆಯಿಲ್ ಬೆರೆಸಿ ಹಾಕಿ. 50ಕ್ಕೆ 1 ಎಂದು ಬರೆದಿದ್ದರೆ ಲೀಟರಿಗೆ 20 ಮಿಲಿ ಟೂ ಸ್ಟ್ರೋಕ್ ಆಯಿಲ್. ತುಂಬ ಹಳೇ ಇಂಜಿನ್ನುಗಳಿಗೆ ಆಯಿಲ್ ಇದಕ್ಕಿಂತ ಜಾಸ್ತಿ ಬೇಕು, ಕಂಪನಿಯ ಪುಸ್ತಕ ನೋಡಿಯೇ ಬೆರೆಸಿ.

ಆಗಲೂ ಸರಿಹೋಗದಿದ್ದರೆ ಜೆಟ್ ಬಿಚ್ಚಬೇಕು. ಒಂದೊಂದು ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಐಡಲ್ ಮಿಕ್ಸ್ಚರ್ ಸ್ಕ್ರೂ (ನಿಧಾನ ಓಡುವಾಗಿನ ಪೆಟ್ರೋಲ್-ಗಾಳಿ ಮಿಶ್ರಣ ಹೊಂದಿಸುವ ತಿರುಪು) ತೆಗೆಯುವ ಮೊದಲು ಅದನ್ನು ತಳ ಮುಟ್ಟುವ ತನಕ ಮೆಲ್ಲಗೆ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತು ಹೋಯಿತು ಎಂದು ಬರೆದಿಡಿ. ಜೆಟ್ಟಿಗೆ ತಂತಿ ಚುಚ್ಚಬೇಡಿ, ತೂತು ದೊಡ್ಡದಾದರೆ ಅದರ ಕಥೆ ಮುಗಿಯಿತು. ಕಾರ್ಬೊರೇಟರ್ ಸ್ಪ್ರೇ ಹೊಡೆದು ನೆನೆಸಿ, ಪಂಕ್ಚರ್ ಅಂಗಡಿಯ ಗಾಳಿ ಹಿಡಿಸಿ. ಬೆಳಕಿಗೆ ಹಿಡಿದರೆ ತೂತು ದುಂಡಗೆ ಕಾಣಬೇಕು. ಕಣ್ಣಿಗೆ ಕನ್ನಡಕ ಇರಲಿ, ಆ ಸ್ಪ್ರೇ ವಾಪಸ್ ಮುಖಕ್ಕೇ ಹಾರುತ್ತದೆ.

ಕಾದ ಮೇಲೆ ನಿಂತರೆ

ಹತ್ತಿಪ್ಪತ್ತು ನಿಮಿಷ ಚೆನ್ನಾಗಿ ಓಡಿ, ಗಕ್ಕನೆ ನಿಂತು, ಆರಿದ ಮೇಲೆ ಮತ್ತೆ ಹತ್ತಿಕೊಂಡರೆ ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ ಪಡಿ. ನಿಂತ ತಕ್ಷಣ, ಬಿಸಿ ಇರುವಾಗಲೇ ಸ್ಪಾರ್ಕ್ ಟೆಸ್ಟರ್ ಹಾಕಿ ಕಿಡಿ ನೋಡಬೇಕು. ತಣ್ಣಗಾದ ಮೇಲೆ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಹಿಂದಿನಿಂದ ಚಿಮ್ಮುವ ನೀರಿನ ಧಾರೆ ಸಣ್ಣದಾಗಿದ್ದರೆ ಅದು ಬೇರೆ ರೋಗ, ಇಂಜಿನ್ ವಿಪರೀತ ಕಾಯುತ್ತಿದೆ. ಕೂಡಲೇ ಆಫ್ ಮಾಡಿ. ಇವೆರಡನ್ನೂ ಮೆಕ್ಯಾನಿಕ್ ಕೈಗೆ ಕೊಡುವುದೇ ವಾಸಿ.

ಎಲ್ಲ ಸರಿಯಾದ ಮೇಲೆ ಡ್ರಮ್ಮಿನಲ್ಲೇ ಅರ್ಧ ಗಂಟೆ ಓಡಿಸಿ ನೋಡಿ. ತಿಂಗಳುಗಟ್ಟಲೆ ಮೂಲೆಗೆ ಇಡುವ ಹಾಗಿದ್ದರೆ, ಓಡುತ್ತಿರುವಾಗಲೇ ಪೆಟ್ರೋಲ್ ಪೈಪ್ ಬಿಚ್ಚಿ, ಅದಾಗಿಯೇ ನಿಲ್ಲಲು ಬಿಡಿ. ಕಾರ್ಬೊರೇಟರಿನಲ್ಲಿ ಉಳಿದ ನಾಲ್ಕು ಹನಿಯನ್ನೂ ಕೆಳಗಿನ ತಿರುಪಿನಿಂದ ಇಳಿಸಿ. ನೀರಿಗೆ ಹೋಗುವ ದಿನ ಲೈಫ್ ಜಾಕೆಟ್ ಹಾಕಿಕೊಳ್ಳಿ, ಒಂದು ಜೊತೆ ಹುಟ್ಟು ಬೋಟಿನಲ್ಲೇ ಇರಲಿ. ನಮ್ಮದರಲ್ಲಿ ಈಗಲೂ ಇದೆ.