ಗ್ರಿಪೆನ್ ಎಣಿಸುವ ಮೊದಲು ಸಂಬಳದ ಲೆಕ್ಕ ನೋಡಿ

ನನ್ನ ಅಣ್ಣನ ಮೊಮ್ಮಗಳು ಮೈಸೂರಿನಲ್ಲಿ ರಾಜ್ಯಶಾಸ್ತ್ರ ಎಂ.ಎ. ಓದುತ್ತಾಳೆ. ದಕ್ಷಿಣ ಆಫ್ರಿಕಾದ ಸೇನಾಬಲ ಅಂತ ಒಂದು ಪ್ರಾಜೆಕ್ಟ್ ಹಿಡಿದುಕೊಂಡು ಬಂದಳು. "ತಾತ, ರ‍್ಯಾಂಕ್ ಪಟ್ಟಿ ಸಿಕ್ಕಿತು. ಗ್ರಿಪೆನ್ ಯುದ್ಧವಿಮಾನ 26, ಫ್ರಿಗೇಟ್ ಯುದ್ಧನೌಕೆ 4, ಸಬ್‌ಮರೀನ್ 3. ಇಷ್ಟು ಬರೆದರೆ ಸಾಕಲ್ವಾ?"

ಸಾಲದು ಅಂದೆ. 31 ವರ್ಷ ಸೇನೆಯ ಬಿಲ್ ಪಾಸ್ ಮಾಡಿದವನು ನಾನು. ಒಮ್ಮೆ ಒಂದು ಡಿಪೋಗೆ ಆಡಿಟ್‌ಗೆ ಹೋಗಿದ್ದೆ. ಲೆಡ್ಜರ್‌ನಲ್ಲಿ 12 ಲಾರಿ, ಅಂಗಳದಲ್ಲೂ 12 ಲಾರಿ. ಸಹಿ ಹಾಕುವುದೊಂದೇ ಬಾಕಿ. ಸುಮ್ನೆ ಸ್ಟಾರ್ಟ್ ಮಾಡಿಸಿ ನೋಡೋಣ ಅಂದೆ. ಸ್ಟಾರ್ಟ್ ಆಗಿದ್ದು ಐದು. ಎರಡಕ್ಕಂತೂ ಎಂಜಿನ್ನೇ ಇರಲಿಲ್ಲ. ಅವತ್ತಿನಿಂದ ಬರೀ ಎಣಿಕೆಯ ಮೇಲೆ ನನಗೆ ನಂಬಿಕೆ ಇಲ್ಲ. ಅವಳಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ದೇಶದ್ದೇ ಬಜೆಟ್ ಪುಸ್ತಕ ತೆಗೆಯಿರಿ. ದಕ್ಷಿಣ ಆಫ್ರಿಕಾದ ಹಣಕಾಸು ಇಲಾಖೆ ಬಜೆಟ್ ಜೊತೆಗೆ ಎಲ್ಲ ಇಲಾಖೆಗಳ ಖರ್ಚಿನ ಅಂದಾಜನ್ನೂ ವೆಬ್‌ಸೈಟಿಗೆ ಹಾಕುತ್ತದೆ. ಅದರಲ್ಲಿ ರಕ್ಷಣೆ 'ವೋಟ್ 23'. ನಮ್ಮಲ್ಲಿ ಒಂದೊಂದು ಇಲಾಖೆಯ ಖರ್ಚಿಗೆ ಡಿಮ್ಯಾಂಡ್ ನಂಬರ್ ಅನ್ನುತ್ತೀವಲ್ಲ, ಹಾಗೆ. ಅವರ ಹಣಕಾಸು ವರ್ಷವೂ ನಮ್ಮ ಹಾಗೆ ಏಪ್ರಿಲ್‌ನಿಂದ ಮಾರ್ಚ್. 2024-25ಕ್ಕೆ ಅಲ್ಲಿದ್ದದ್ದು ಸುಮಾರು 5,200 ಕೋಟಿ ರಾಂಡ್ (ರಾಂಡ್ ಅಂದರೆ ಅಲ್ಲಿನ ಹಣ).

ಈಗ ಇದನ್ನು ಹೊರಗಿನ ಲೆಕ್ಕದ ಜೊತೆ ತಾಳೆ ನೋಡಬೇಕು. ಸ್ಟಾಕ್‌ಹೋಮಿನ ಸಿಪ್ರಿ ಅನ್ನುವ ಶಾಂತಿ ಸಂಶೋಧನಾ ಸಂಸ್ಥೆ ಪ್ರತಿ ಏಪ್ರಿಲ್‌ನಲ್ಲಿ ಎಲ್ಲ ದೇಶಗಳ ಸೇನಾ ಖರ್ಚು ಪ್ರಕಟಿಸುತ್ತದೆ. 2024ಕ್ಕೆ ದಕ್ಷಿಣ ಆಫ್ರಿಕಾದ ಮುಂದೆ ಇರುವುದು ಸುಮಾರು 280 ಕೋಟಿ ಡಾಲರ್. ಆ ವರ್ಷದ ಸರಾಸರಿ ದರ ಡಾಲರ್‌ಗೆ 18.3 ರಾಂಡ್. 5,200ನ್ನು ಭಾಗಿಸಿದರೆ 284. ಹತ್ತಿರ ಹತ್ತಿರ ಬಂತು. ಪೂರ್ತಿ ಒಂದೇ ಆಗುವುದಿಲ್ಲ, ಯಾಕಂದರೆ ಸಿಪ್ರಿ ಲೆಕ್ಕ ಜನವರಿಯಿಂದ ಡಿಸೆಂಬರ್‌ವರೆಗೆ. ಇನ್ನೊಂದು ಮಾತು. ವಿಶ್ವಬ್ಯಾಂಕ್ ಪಟ್ಟಿಯಲ್ಲೂ ಇದೇ ಅಂಕಿ ಸಿಗುತ್ತದೆ. ಎರಡು ಕಡೆ ಸಿಕ್ಕಿತು ಅಂತ ಖುಷಿ ಪಡಬೇಡಿ. ಬ್ಯಾಂಕು ತೆಗೆದುಕೊಳ್ಳುವುದೇ ಸಿಪ್ರಿಯಿಂದ!

ಹಳೆಯ ವರ್ಷಗಳ ಜೊತೆ ಹೋಲಿಸುವಾಗ ಡಾಲರ್ ನಂಬಬೇಡಿ. 2011ರಲ್ಲಿ ಡಾಲರ್‌ಗೆ 7 ರಾಂಡ್ ಚಿಲ್ಲರೆ ಇತ್ತು. ರಾಂಡ್‌ನಲ್ಲಿ ಖರ್ಚು ಏರಿದ್ದರೂ ಡಾಲರ್‌ನಲ್ಲಿ ಇಳಿದ ಹಾಗೆ ಕಾಣುತ್ತದೆ. ಸಂಬಳಕ್ಕೆ ರಾಂಡ್ ಲೆಕ್ಕ ನೋಡಿ, ಹೊರಗಿನಿಂದ ತರಿಸುವ ಬಿಡಿಭಾಗಕ್ಕೆ ಡಾಲರ್ ಲೆಕ್ಕ ನೋಡಿ. ಜಿಡಿಪಿಯಲ್ಲಿ ಪಾಲು ಎಷ್ಟು ಅನ್ನುವುದು ಬೇಗ ಮುಗಿಯುತ್ತದೆ: 2024ರಲ್ಲಿ ದಕ್ಷಿಣ ಆಫ್ರಿಕಾ ಶೇ. 0.7, ಅಲ್ಜೀರಿಯಾ ಶೇ. 8. ಅಲ್ಜೀರಿಯಾ 2024ರಲ್ಲಿ 2,180 ಕೋಟಿ ಡಾಲರ್ ಖರ್ಚು ಮಾಡಿತು, ಆಫ್ರಿಕಾದಲ್ಲೇ ಅತಿ ಹೆಚ್ಚು.

ಈಗ ನನಗೆ ಇಷ್ಟವಾದ ಜಾಗ. ವೋಟ್ 23ರಲ್ಲಿ ನೌಕರರ ಸಂಬಳ, ಭತ್ಯೆ ತೋರಿಸುವ ಸಾಲು ಹುಡುಕಿ. ಒಟ್ಟು ಹಣದಲ್ಲಿ ನೂರಕ್ಕೆ 60ಕ್ಕಿಂತ ಜಾಸ್ತಿ ಅಲ್ಲಿಗೇ ಹೋಗುತ್ತದೆ. ಹೇಗಿರಬೇಕಿತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. 2015ರ ಡಿಫೆನ್ಸ್ ರಿವ್ಯೂ ಅನ್ನುವ ಸರ್ಕಾರಿ ವರದಿ ಪ್ರಕಾರ ಸಂಬಳಕ್ಕೆ 40, ದಿನದ ಓಡಾಟಕ್ಕೆ 30, ಹೊಸ ಸಾಮಾನಿಗೆ 30. ಸೇನೆ ಗಂಭೀರವಾಗಿ ಕುಸಿಯುತ್ತಿದೆ ಅಂತ ಬರೆದದ್ದೂ ಅದೇ ವರದಿ. ಸಂಬಳ 60 ದಾಟಿತು ಅಂದರೆ ಡೀಸೆಲ್, ಗುಂಡು, ಟೈರು, ರಿಪೇರಿ ಎಲ್ಲವೂ ಉಳಿದ ಹಣದಲ್ಲೇ ಆಗಬೇಕು. ಜನರನ್ನು ಕಡಿಮೆ ಮಾಡೋಣ ಅಂದರೆ ಅವರನ್ನು ಕಳಿಸಲು ಮೊದಲೇ ದೊಡ್ಡ ಮೊತ್ತ ಕೊಡಬೇಕು. ಹಾಗಾಗಿ ಅದೂ ಸುಲಭವಲ್ಲ.

ಇಲ್ಲಿ ನನ್ನ ಮೊಮ್ಮಗಳು ಒಂದು ತಪ್ಪು ಮಾಡಿದಳು. "ಭಾರತದಲ್ಲೂ ಸಂಬಳ, ಪಿಂಚಣಿ ಜಾಸ್ತಿ ತಾನೇ" ಅಂತ ಎರಡನ್ನೂ ಪಕ್ಕಪಕ್ಕ ಬರೆದಳು. ನಮ್ಮ ರಕ್ಷಣಾ ಬಜೆಟ್‌ನಲ್ಲಿ ಪಿಂಚಣಿ ಸೇರಿದೆ. ಅಲ್ಲಿ ಸೈನಿಕರಿಗೆ ಪಿಂಚಣಿ ಕೊಡುವುದು ಸರ್ಕಾರಿ ನೌಕರರ ಪಿಂಚಣಿ ನಿಧಿ. ಈ ವ್ಯತ್ಯಾಸ ತೆಗೆಯದೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಆಮೇಲೆ ಯಂತ್ರಗಳು. ಲಂಡನ್ನಿನ ಐಐಎಸ್‌ಎಸ್ ಅನ್ನುವ ರಕ್ಷಣಾ ಅಧ್ಯಯನ ಸಂಸ್ಥೆ ವರ್ಷಕ್ಕೊಮ್ಮೆ ತರುವ 'ಮಿಲಿಟರಿ ಬ್ಯಾಲೆನ್ಸ್' ನೋಡಿ ಪಟ್ಟಿ ಮಾಡಿಕೊಳ್ಳಿ. ಪ್ರತಿ ಸಾಲಿನ ಪಕ್ಕ ಒಂದು ಖಾಲಿ ಕಾಲಂ ಬಿಡಿ. ತಲೆಬರಹ: 'ಸ್ಟಾರ್ಟ್ ಆಗುತ್ತಾ?' 1999ರ ದೊಡ್ಡ ಶಸ್ತ್ರಾಸ್ತ್ರ ಖರೀದಿಯಲ್ಲಿ ಬಂದ ಗ್ರಿಪೆನ್ 26 ಅಂತ ಪುಸ್ತಕ ಹೇಳುತ್ತದೆ. ಆದರೆ 2021ರ ಸೆಪ್ಟೆಂಬರ್‌ನಿಂದ ಸುಮಾರು ಒಂದು ವರ್ಷ ಅವು ನೆಲದ ಮೇಲೇ ಇದ್ದವು. ಕಾರಣ ಯುದ್ಧವಲ್ಲ, ಅಪಘಾತವಲ್ಲ. ನಿರ್ವಹಣೆಯ ಒಪ್ಪಂದ ಆಗಿರಲಿಲ್ಲ, ಅಷ್ಟೇ.

ಈ ಕಾಲಂ ತುಂಬಿಸಲು ಗೂಢಚಾರರು ಬೇಡ. ರಕ್ಷಣಾ ಇಲಾಖೆಯ ವಾರ್ಷಿಕ ವರದಿಯಲ್ಲಿ ಹಾರಾಟದ ಗಂಟೆ, ಸಮುದ್ರದಲ್ಲಿ ಕಳೆದ ಗಂಟೆ ಇರುತ್ತದೆ. ಗುರಿ ಎಷ್ಟು, ಆದದ್ದು ಎಷ್ಟು, ಎರಡೂ. ಐದು ವರ್ಷದ ವರದಿ ಒಟ್ಟಿಗೆ ಇಟ್ಟುಕೊಳ್ಳಿ. ಗುರಿಯನ್ನೇ ಇಳಿಸಿಕೊಂಡು 'ಗುರಿ ಮುಟ್ಟಿದೆವು' ಅನ್ನುವ ಜಾಣತನ ಎಲ್ಲ ದೇಶದ ಕಚೇರಿಗಳಲ್ಲೂ ಇದೆ. ಸಂಸತ್ತಿನ ರಕ್ಷಣಾ ಸಮಿತಿಯ ಚರ್ಚೆಗಳನ್ನೂ ಓದಿ. ಪಾರ್ಲಿಮೆಂಟರಿ ಮಾನಿಟರಿಂಗ್ ಗ್ರೂಪ್ ಅವನ್ನು ಇಂಟರ್‌ನೆಟ್‌ನಲ್ಲಿ ಇಡುತ್ತದೆ. ಗಡಿ ಕಾಯಲು 22 ತುಕಡಿ ಬೇಕು, ಇರುವುದು 15 ಅನ್ನುವ ಮಾತು ಅಲ್ಲಿ ಮತ್ತೆ ಮತ್ತೆ ಬಂದಿದೆ.

ಕೊನೆಯ ಪರೀಕ್ಷೆ, ಸೈನ್ಯ ನಿಜಕ್ಕೂ ಹೊರಟಾಗ ಏನಾಯಿತು ಅನ್ನುವುದು. ಇದಕ್ಕೆ ಕಾಂಗೋ ನೋಡಿ. 2013ರಲ್ಲಿ ವಿಶ್ವಸಂಸ್ಥೆಯ ಪಡೆಯಲ್ಲಿದ್ದ ದಕ್ಷಿಣ ಆಫ್ರಿಕಾದ ರೂಯಿವಾಕ್ ಹೆಲಿಕಾಪ್ಟರ್‌ಗಳು ಎಂ23 ಬಂಡುಕೋರರ ಮೇಲೆ ದಾಳಿ ಮಾಡಿದ್ದವು. ಅವು ಆ ದೇಶದಲ್ಲೇ ತಯಾರಾದವು. 2023ರ ಡಿಸೆಂಬರ್‌ನಲ್ಲಿ ಪ್ರಾದೇಶಿಕ ಪಡೆಯ ಭಾಗವಾಗಿ ಅದೇ ಪೂರ್ವ ಕಾಂಗೋಗೆ ಮತ್ತೆ ಸೈನಿಕರು ಹೋದರು. ಎದುರಾಳಿಯೂ ಅದೇ ಎಂ23. ಈ ಸಲ ರೂಯಿವಾಕ್ ಜೊತೆಗೆ ಬರಲಿಲ್ಲ. 2025ರ ಜನವರಿಯಲ್ಲಿ ಗೋಮಾ ನಗರ ಬಿದ್ದಾಗ ದಕ್ಷಿಣ ಆಫ್ರಿಕಾದ 14 ಯೋಧರು ಸತ್ತರು. ಉಳಿದವರು ತಿಂಗಳುಗಟ್ಟಲೆ ಶಿಬಿರದಲ್ಲೇ ಸಿಕ್ಕಿಹಾಕಿಕೊಂಡಿದ್ದು, ಆಮೇಲೆ ರುವಾಂಡಾ ದಾಟಿ ತಾಂಜಾನಿಯಾಗೆ ರಸ್ತೆ ಮೇಲೆ ಹೊರಬಂದರು. ಇದನ್ನು ಓದಿದ ಮೇಲೆ ಹುಡುಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. 26, 4, 3 ಅಂತ ಬರೆದಿದ್ದ ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ಆಮೇಲೆ ಕೇಳಿದಳು, "ತಾತ, ಇವರು ಎಲ್ಲ ಬಿಚ್ಚಿಟ್ಟಿದ್ದಾರೆ. ಈಜಿಪ್ಟ್ ಆದರೆ?" ಒಳ್ಳೆಯ ಪ್ರಶ್ನೆ. ಈಜಿಪ್ಟ್ ಸಂವಿಧಾನದ 203ನೇ ವಿಧಿ ಪ್ರಕಾರ ಸೇನೆಯ ಖರ್ಚು ಬಜೆಟ್‌ನಲ್ಲಿ ಒಂದೇ ಒಂದು ಅಂಕಿಯಾಗಿ ಬರುತ್ತದೆ. ಸಂಬಳ ಎಷ್ಟು, ಡೀಸೆಲ್ ಎಷ್ಟು, ಏನೂ ಇಲ್ಲ. ಅಂಥ ಕಡೆ ಕೊಂಡವನ ಪುಸ್ತಕ ಬಿಟ್ಟು ಮಾರಿದವನ ಪುಸ್ತಕ ತೆಗೆಯಬೇಕು. 2015ರಲ್ಲಿ 24, 2021ರಲ್ಲಿ ಇನ್ನೂ 30 ರಫೇಲ್ ಮಾರಿದ್ದು ಫ್ರಾನ್ಸ್. ಸಬ್‌ಮರೀನ್ ಕೊಟ್ಟದ್ದು ಜರ್ಮನಿ. ಸಿಪ್ರಿಯ ಶಸ್ತ್ರಾಸ್ತ್ರ ವ್ಯಾಪಾರದ ಪಟ್ಟಿಯಲ್ಲಿ ಇದೆಲ್ಲ ಸಿಗುತ್ತದೆ. 'ಸ್ಟಾರ್ಟ್ ಆಗುತ್ತಾ' ಅನ್ನುವ ಕಾಲಂ ಮಾತ್ರ ಅಲ್ಲಿ ಬಹುಪಾಲು ಖಾಲಿಯೇ ಉಳಿಯುತ್ತದೆ. ಖಾಲಿ ಅಂತಲೇ ಬರಿ, ರ‍್ಯಾಂಕ್ ಪಟ್ಟಿ ನೋಡಿ ತುಂಬಿಸಬೇಡ ಅಂದೆ.